ಮೂರನೇ ನಂಬರಿನ ಅಡುಗೆಮನೆ

ಅಳತೆಯ ವಿಷಯದಲ್ಲಿ ನನಗೆ ಸ್ವಲ್ಪ ಜಂಬ ಇದೆ. ಇದನ್ನು ಮೊದಲೇ ಒಪ್ಪಿಕೊಂಡುಬಿಟ್ಟರೆ ಮುಂದಿನದನ್ನು ಹೇಳುವುದು ಸುಲಭ. ಸ್ಕೂಲನ್ನು ನಾನು ನಾಲ್ಕನೇ ಕ್ಲಾಸಿಗೇ ಬಿಟ್ಟವನು. ಬಿಟ್ಟೆ ಅನ್ನುವುದಕ್ಕಿಂತ, ಮನೆಯಲ್ಲಿ ಎತ್ತು ಎರಡಿದ್ದವು, ಅವನ್ನು ಹೊಡೆಯುವ ಆಳು ನಾನೊಬ್ಬನೇ ಇದ್ದೆ, ಹಾಗಾಗಿ ನಾಲ್ಕನೇ ಕ್ಲಾಸಿಗೆ ಮುಗಿಯಿತು ಅನ್ನಬೇಕು. ಆಮೇಲೆ ಬೆಂಗಳೂರಿಗೆ ಬಂದು ಕಾರ್ಖಾನೆ ಸೇರಿ, ಲೇತಿನ ಮುಂದೆ ನಿಂತೆ. ಇವತ್ತಿಗೂ ನಿಂತಿದ್ದೇನೆ. ಕಬ್ಬಿಣದ ಸರಳು ತಿರುಗುತ್ತಿರುತ್ತದೆ, ನಾನು ಅದನ್ನು ಹೇಳಿದ ಅಳತೆಗೆ ಕೊರೆದು ಕೊಡುತ್ತೇನೆ. ಅಂಗುಲದ ಸಾವಿರದಲ್ಲೊಂದು ಪಾಲು ಹೆಚ್ಚಾದರೆ ಇನ್‌ಸ್ಪೆಕ್ಟರು ವಾಪಸು ಕಳಿಸುತ್ತಾನೆ. ನನ್ನ ಕೈಯಿಂದ ಹೋದದ್ದು ಒಂದೂ ವಾಪಸು ಬಂದಿಲ್ಲ. ಹೈಸ್ಕೂಲು ಓದಿ ಬಂದ ಹುಡುಗರು ನನ್ನನ್ನು ಕೇಳಿ ಅಡಿಪಟ್ಟಿ ಹಿಡಿಯುವುದನ್ನು ಕಲಿತಿದ್ದಾರೆ. ತ್ರೈರಾಶಿ ಲೆಕ್ಕವನ್ನು ನಾನೇ ಸ್ವಂತಕ್ಕೆ ಊಟದ ಬಿಡುವಿನಲ್ಲಿ ಕಲಿತವನು. ಇಷ್ಟಕ್ಕೆ ಇಷ್ಟಾದರೆ ಅಷ್ಟಕ್ಕೆ ಎಷ್ಟು ಅಂತ ಯಾರು ಕೇಳಿದರೂ ಬಾಯಲ್ಲೇ ಹೇಳುತ್ತೇನೆ.

ಇಂಥ ಮನುಷ್ಯ ತನ್ನ ಹೆಂಡತಿಯ ಎತ್ತರ ಎಷ್ಟು ಅಂತ ಹೇಳಲಾರದೆ ಸಿಮೆಂಟಿನ ಅಂಗಡಿಯೊಂದರಲ್ಲಿ ಬೆವರುತ್ತಾ ನಿಂತಿದ್ದ ಅಂದರೆ ನೀವು ನಗಬಹುದು. ನಗುವ ಮೊದಲು ಒಂದು ಕೆಲಸ ಮಾಡಿ. ನಿಮ್ಮ ಮನೆಯವರ ಎತ್ತರ ಎಷ್ಟು, ಅಡಿ ಅಂಗುಲದಲ್ಲಿ, ಈಗ ಹೇಳಿ. ಒಳಗೆ ಹೋಗಿ ನೋಡಿಕೊಂಡು ಬರುವ ಹಾಗಿಲ್ಲ.

ಕಥೆ ಶುರುವಾಗುವುದು ವಠಾರದ ಒಲೆಯಿಂದ. ಮಾಗಡಿ ರಸ್ತೆಯ ಪಕ್ಕದ ಆ ವಠಾರದಲ್ಲಿ ನಾವು ಒಂಬತ್ತು ವರ್ಷ ಇದ್ದೆವು. ನಮ್ಮ ಭಾಗದ ಅಡುಗೆಮನೆಯಲ್ಲಿ ಮಣ್ಣಿನ ಒಲೆಯೊಂದು ಮೊದಲೇ ಇತ್ತು. ನಮಗಿಂತ ಮುಂಚೆ ಇದ್ದ ಬಾಡಿಗೆಯವರ ಹೆಂಗಸು ಹಾಕಿಸಿಕೊಂಡದ್ದು. ಆಕೆ ಎಡಚಿಯಂತೆ. ಸೌದೆ ತುರುಕುವ ಬಾಯಿ ಎಡಕ್ಕೆ ತಿರುಗಿತ್ತು, ಗೋಡೆ ಬಲಕ್ಕಿತ್ತು. ಆಕೆಯ ತೋಳೂ ಉದ್ದವಿದ್ದಿರಬೇಕು, ಹಿಂದಿನ ಕೋಡೊಲೆಯ ಪಾತ್ರೆ ಇಳಿಸಬೇಕಾದರೆ ಮುಂದಿನ ಉರಿಯ ಮೇಲೆ ಮೈ ಬಗ್ಗಿಸಬೇಕಿತ್ತು. ಅದನ್ನು ಒಡೆದು ಬೇರೆ ಹಾಕಿಸೋಣ ಅಂದರೆ ವಠಾರದ ಯಜಮಾನಿ, ಹೊಗೆ ಹೋಗುವ ಒಲೆ ಕಣಪ್ಪಾ, ಕೈ ಹಚ್ಚಬೇಡಿ ಅಂದುಬಿಟ್ಟರು. ನನ್ನ ಹೆಂಡತಿ ಜಯಮ್ಮ ಆ ಒಲೆಯ ಮುಂದೆ ಒಂಬತ್ತು ವರ್ಷ ಎಡಗೈಯಲ್ಲಿ ಸೌದೆ ಹಾಕಿದಳು. ಈಗ ಅವಳು ಎಡಗೈಯಲ್ಲಿ ರಂಗೋಲಿಯನ್ನೂ ಬಿಡುತ್ತಾಳೆ. ಬಲಗೈಯ ಮಣಿಕಟ್ಟಿನ ಮೇಲೆ ಬಳೆಯ ಅಗಲಕ್ಕೆ ಸುಟ್ಟ ಕಲೆ ಇದೆ. ಬಳೆ ಹಾಕಿಕೊಂಡರೆ ಅದು ಕಾಣುವುದಿಲ್ಲ, ಹಾಗಾಗಿ ನಾನು ಬಹಳ ದಿನ ನೋಡಿರಲಿಲ್ಲ.

ರಾಜಾಜಿನಗರದಲ್ಲಿ ಸೈಟು ಸಿಕ್ಕಿತು. ಆಗ ಅಲ್ಲಿ ಇದ್ದದ್ದು ಕೆಂಪು ಮಣ್ಣು, ಸೈಟಿನ ಕಲ್ಲು, ಗಾಳಿ. ಮನೆ ಶುರು ಮಾಡಿದ ದಿನ ಜಯಮ್ಮ ನನಗೆ ಒಂದೇ ಮಾತು ಹೇಳಿದಳು. "ಬಾಗಿಲು, ಕಿಟಕಿ, ಬಣ್ಣ, ಎಲ್ಲ ನೀವೇ ನೋಡ್ಕೊಳ್ಳಿ. ನಾನು ಒಂದಕ್ಕೂ ಬಾಯಿ ಹಾಕಲ್ಲ. ಒಲೆ ಮಾತ್ರ ನನ್ನ ಕೈಗೆ ಆಗೋ ಹಂಗೆ ಹಾಕ್ಸಿ ಕೊಡಿ." ನಾನು ಆಯಿತು ಅಂದೆ. ಆಯಿತು ಅನ್ನುವುದಕ್ಕೆ ಯಾವ ಅಳತೆಯೂ ಬೇಕಾಗುವುದಿಲ್ಲ.

ಗೋಡೆ ಎದ್ದು, ಮಾಡಿನ ಕೆಲಸ ಮುಗಿಯುವ ಹೊತ್ತಿಗೆ ಕೆಂಗೇರಿಯಲ್ಲಿ ನಮ್ಮ ಅತ್ತೆ ಬಾವಿಕಟ್ಟೆಯಲ್ಲಿ ಜಾರಿ ಸೊಂಟ ಉಳುಕಿಸಿಕೊಂಡರು. ಜಯಮ್ಮ ಹೆಣ್ಣುಮಕ್ಕಳನ್ನು ಕರೆದುಕೊಂಡು ಒಂದು ತಿಂಗಳ ಮಟ್ಟಿಗೆ ತವರಿಗೆ ಹೋದಳು. ಹೋಗುವ ಮುಂಚೆ ಹೆಗ್ಗನಹಳ್ಳಿಯ ಮುದ್ದಮ್ಮನಿಗೆ ಹೇಳಿಕಳಿಸಿದ್ದಳು. ಈ ಮುದ್ದಮ್ಮನ ಕಸುಬು ಒಲೆ ಹಾಕುವುದು. ಹುತ್ತದ ಮಣ್ಣು, ಹುಲ್ಲಿನ ಚೂರು, ಸಗಣಿ ಕಲಸಿ ಆಕೆ ಹಾಕಿದ ಒಲೆ ಬಿರುಕು ಬಿಡುವುದಿಲ್ಲ ಅಂತ ಆ ಕಡೆಯಲ್ಲೆಲ್ಲ ಹೆಸರು. ಒಂದು ಬೆಳಿಗ್ಗೆ ಆಕೆ ಮಂಕರಿ ಹೊತ್ತುಕೊಂಡು ಮನೆಯ ಹತ್ತಿರ ಬಂದಳು. ಅಡುಗೆಮನೆಗೆ ಹೋಗಿ, ಗೋಡೆಗಳನ್ನು ನೋಡಿ, ಗಾಳಿ ಯಾವ ಕಡೆಯಿಂದ ಅಂತ ಸೆರಗು ಹಿಡಿದು ನೋಡಿ, "ಎಲ್ಲಪ್ಪಾ ಕೂರೋಳು?" ಅಂದಳು.

ಕೂರುವವಳು ಕೆಂಗೇರಿಯಲ್ಲಿದ್ದಾಳೆ, ಅಳತೆ ಬೇಕಾದರೆ ನಾನು ಹೇಳುತ್ತೇನೆ ಅಂತ ಜೇಬಿನಿಂದ ಟೇಪು ತೆಗೆದೆ. ಆಕೆ ಟೇಪನ್ನು ಕಂಡು ಅಷ್ಟೇನೂ ಗೌರವ ತೋರಿಸಲಿಲ್ಲ. ಒಲೆಯ ಮುಂದೆ ಕೂರುವ ಹೆಂಗಸನ್ನು ಮಣೆಯ ಮೇಲೆ ಕೂರಿಸಬೇಕಂತೆ, ಕೈ ಚಾಚು ಅನ್ನಬೇಕಂತೆ, ಅವಳ ಗೇಣಿನಲ್ಲೇ ಬಾಯಿಯ ಅಗಲ, ಅವಳ ಮೊಳದಲ್ಲೇ ಹಿಂದಿನ ಕೋಡು. ಗೇಣು ಅಂದರೆ ಎಷ್ಟು ಅಂಗುಲ ಅಂತ ಕೇಳಿದೆ. ಯಾರ ಗೇಣು ಅಂತ ಆಕೆ ಕೇಳಿದಳು. ಗೇಣು ಗೇಣೇ ಅಲ್ಲವೇ ಅಂದೆ. ಆಕೆ ತನ್ನ ಕೈಯನ್ನು ನನ್ನ ಕೈಯ ಪಕ್ಕ ಇಟ್ಟು ತೋರಿಸಿ, ಮಂಕರಿ ಎತ್ತಿಕೊಂಡಳು. "ಒಂದಿನ ಬಂದು ಕೂತು ಹೋಗಕ್ಕೇಳಪ್ಪ. ಕೂರೋಳಿಲ್ದೆ ನಾನು ಒಲೆ ಹಾಕಾಕಿಲ್ಲ."

ಒಂದು ನಿಮಿಷ ಮಣೆಯ ಮೇಲೆ ಕೂರುವುದಕ್ಕೆ ಕೆಂಗೇರಿಯಿಂದ ಒಬ್ಬ ಹೆಂಗಸನ್ನು ಕರೆಸುವುದೇ? ನನಗೆ ನಗು ಬಂತು, ಸಿಟ್ಟೂ ಬಂತು. ನಮ್ಮ ಕಾರ್ಖಾನೆಯಲ್ಲಿ ಒಂದು ಬೋಲ್ಟು ಮಾಡಿದರೆ ಅದು ಯಾವ ನಟ್ಟಿಗಾದರೂ ಕೂಡಬೇಕು. ನಟ್ಟು ಎದುರಿಗೆ ಬಂದು ಕೂತರೆ ಮಾತ್ರ ಬೋಲ್ಟು ಮಾಡುತ್ತೇನೆ ಅಂತ ನಾನು ಹೇಳಿದರೆ ಅವತ್ತೇ ನನ್ನ ಟಿಕೆಟ್ಟು ಹರಿಯುತ್ತಾರೆ.

ಇಲ್ಲಿ ನನ್ನ ಅಂಗಿಯ ವಿಷಯ ಸ್ವಲ್ಪ ಹೇಳಬೇಕು. ಲೇತಿನ ಮುಂದೆ ವರ್ಷಗಟ್ಟಲೆ ಒಂದೇ ಭಂಗಿಯಲ್ಲಿ ನಿಂತು ನನ್ನ ಬಲಭುಜ ಎಡಭುಜಕ್ಕಿಂತ ಇಳಿದಿದೆ. ಚಿಕ್ಕಪೇಟೆಯಲ್ಲಿ ಸಿಗುವ ಸಿದ್ಧ ಅಂಗಿ ನನಗೆ ಕೂರುವುದಿಲ್ಲ, ಕಾಲರು ಒಂದು ಕಡೆಗೆ ಎದ್ದು ನಿಲ್ಲುತ್ತದೆ. ಹಾಗಾಗಿ ಒಬ್ಬನೇ ದರ್ಜಿಯ ಹತ್ತಿರ, ಎರಡು ಭುಜಕ್ಕೂ ಬೇರೆಬೇರೆ ಅಳತೆ ಬರೆಸಿ ಹೊಲಿಸುತ್ತೇನೆ. ದರ್ಜಿ ಊರಿಗೆ ಹೋದರೆ ಅವನು ಬರುವವರೆಗೆ ಹಳೆಯ ಅಂಗಿಯಲ್ಲೇ ಕಾಯುತ್ತೇನೆ. ಈ ಅಂಗಿಗೂ ಆ ಒಲೆಗೂ ಏನಾದರೂ ಸಂಬಂಧ ಇರಬಹುದು ಅಂತ ಆ ದಿನ ನನಗೆ ಹೊಳೆಯಲಿಲ್ಲ.

ಮುದ್ದಮ್ಮ ಹೋದ ವಾರದಲ್ಲೇ ನಾನು ಸಿಮೆಂಟಿನ ಅಂಗಡಿಗೆ ಹೋದೆ. ಕಿಟಕಿಗೆ ಜಾಲರಿ ಹುಡುಕಿಕೊಂಡು ಹೋದವನು ನಾನು. ಅಲ್ಲಿ ಅಂಗಳದಲ್ಲಿ ಸಾಲಾಗಿ ಅಡುಗೆಮನೆಗಳು ನಿಂತಿದ್ದವು. ಹೌದು, ಅಡುಗೆಮನೆಗಳೇ. ಎರಡು ಕಾಲು, ಅದರ ಮೇಲೆ ಒಂದು ಹಲಗೆ, ಹಲಗೆಯ ಮೇಲೆ ಮೂರು ಪಾತ್ರೆ ಕೂರುವ ಒಲೆಯ ಪೆಟ್ಟಿಗೆ, ಅದಕ್ಕೊಂದು ಹೊಗೆಯ ಕೊಳವೆ. ಎಲ್ಲವೂ ಅಚ್ಚಿನಲ್ಲಿ ಹೊಯ್ದ ಸಿಮೆಂಟು. ತುಂಡುತುಂಡಾಗಿ ಗಾಡಿಯಲ್ಲಿ ಬಂದು, ಮನೆಯಲ್ಲಿ ಒಂದರ ಮೇಲೊಂದು ಕೂರುತ್ತದೆ. ಒಂದು ಬೆಳಿಗ್ಗೆಯ ಕೆಲಸ. ಅಂಚುಗಳನ್ನು ನಾನು ಬೆರಳಿನಲ್ಲಿ ಸವರಿ ನೋಡಿದೆ. ಲೇತಿನಿಂದ ಇಳಿದ ಹಾಗಿತ್ತು. ನಿಜ ಹೇಳಬೇಕೆಂದರೆ ಆ ಅಂಚಿಗೇ ನಾನು ಬಿದ್ದದ್ದು.

ಅಂಗಡಿಯ ಮಾಲೀಕರು ಬಹಳ ಮರ್ಯಾದಸ್ಥರು. ನನ್ನ ಬೆರಳನ್ನು ನೋಡಿಯೇ ನಾನು ಎಂಥ ಕೆಲಸದವನು ಅಂತ ತಿಳಿದುಕೊಂಡು, ತಮ್ಮಂಥವರಿಗೆ ಹೇಳುವುದೇನಿದೆ ಸ್ವಾಮಿ ಅಂತ ಶುರು ಮಾಡಿದರು. ಬೊಂಬಾಯಿಯಲ್ಲಿ ಈಗ ಯಾರೂ ನೆಲದ ಮೇಲೆ ಕೂತು ಅಡುಗೆ ಮಾಡುವುದಿಲ್ಲವಂತೆ. ಹೆಂಗಸರು ನಿಂತೇ ಮಾಡುತ್ತಾರಂತೆ, ಕೂತು ಏಳುವ ಕಷ್ಟವಿಲ್ಲ, ಹೊಗೆ ಕಣ್ಣಿಗಿಲ್ಲ, ಸೀರೆಗೆ ಕಿಡಿ ಇಲ್ಲ. ಅಷ್ಟೂ ಹೇಳಿ, ಇದರಲ್ಲಿ ಮೂರು ಅಳತೆ ಇದೆ ಅಂದರು. ಐದಡಿಗಿಂತ ಕಡಿಮೆಯವರಿಗೆ ಒಂದನೇ ನಂಬರು. ಐದಡಿ ಎರಡಂಗುಲದವರೆಗೆ ಎರಡನೇದು. ಅದಕ್ಕೆ ಮೇಲ್ಪಟ್ಟವರಿಗೆ ಮೂರನೇ ನಂಬರು.

"ಮನೆಯವರ ಎತ್ತರ ಎಷ್ಟು ಸ್ವಾಮಿ?"

ನಾನು ಬಾಯಿ ತೆರೆದೆ. ಒಳಗೆ ಏನೂ ಇರಲಿಲ್ಲ. ಕಾರ್ಖಾನೆಯ ಪ್ರತಿ ಸರಳಿನ ದಪ್ಪ ನನ್ನ ನಾಲಗೆಯ ತುದಿಯಲ್ಲಿದೆ. ಜಯಮ್ಮನ ಎತ್ತರ ಇಲ್ಲ. ಅವಳನ್ನು ಮನಸ್ಸಿನಲ್ಲಿ ನಿಲ್ಲಿಸಿ ನೋಡೋಣ ಅಂದರೆ ಅವಳು ನಿಲ್ಲಲಿಲ್ಲ. ನಾನು ಕೆಲಸದಿಂದ ಬರುವಾಗ ಒಲೆಯ ಮುಂದೆ ಕೂತಿರುತ್ತಾಳೆ. ಊಟಕ್ಕೆ ನಾನು ಕೂತಾಗ ಅವಳು ಬಗ್ಗಿ ಬಡಿಸುತ್ತಾಳೆ. ದಾರಿಯಲ್ಲಿ ನಡೆದರೆ ನಾಲ್ಕು ಹೆಜ್ಜೆ ಹಿಂದಿರುತ್ತಾಳೆ. ನಾಳೆ ಹೇಳುತ್ತೇನೆ ಅಂದೆ. ಅಚ್ಚು ಹೊಯ್ಯುವುದು ಶನಿವಾರ, ಅಷ್ಟರೊಳಗೆ ಹೇಳಿ ಅಂದರು.

ಭಾನುವಾರವಾದರೆ ಕೆಂಗೇರಿಗೆ ಹೋಗಿ ಬರಬಹುದಿತ್ತು. ಶನಿವಾರದ ಮುಂಚೆಯೂ ಒಂದು ಅರ್ಧ ದಿನ ರಜೆ ಹಾಕಿ ಹೋಗಬಹುದಿತ್ತು. ಆದರೆ ಹೋಗಿ ಕೇಳುವುದು ಏನನ್ನು? ಒಂಬತ್ತು ವರ್ಷ ಸಂಸಾರ ಮಾಡಿದ ಮೇಲೆ, ಅತ್ತೆ ಮಾವನ ಎದುರಿಗೆ, ಲೇ, ನೀನು ಎಷ್ಟು ಎತ್ತರ ಇದೀಯ ಅಂತ ಕೇಳುವುದೇ? ಅಲ್ಲದೆ ಗೃಹಪ್ರವೇಶದ ದಿನ ಅವಳು ಬಂದು ನೋಡಿ ಬೆರಗಾಗಬೇಕು ಅನ್ನುವ ಆಸೆಯೂ ಇತ್ತು. ಬೆರಗೇನೋ ಆದಳು.

ಆಗ ನನ್ನ ಕಣ್ಣು ವಠಾರದ ಮನೆಯ ಗೋಡೆಯ ಮೇಲಿದ್ದ ಮದುವೆಯ ಫೋಟೋದ ಮೇಲೆ ಬಿತ್ತು. ಆ ಫೋಟೋದಲ್ಲಿ ನಾವಿಬ್ಬರೂ ತಲೆಯಿಂದ ಕಾಲಿನವರೆಗೆ ಅಕ್ಕಪಕ್ಕ ನಿಂತಿದ್ದೇವೆ. ಯೋಚನೆ ಮಾಡಿ ನೋಡಿದರೆ ನಾವಿಬ್ಬರೂ ಅಲ್ಲಾಡದೆ ಪಕ್ಕಪಕ್ಕದಲ್ಲಿ ನಿಂತದ್ದು ಜೀವಮಾನದಲ್ಲಿ ಅದೊಂದೇ ಸಲ. ನಾನು ಫೋಟೋವನ್ನು ಇಳಿಸಿ, ಧೂಳು ಒರೆಸಿ, ಕಿಟಕಿಯ ಬೆಳಕಿಗೆ ಇಟ್ಟು, ಕೈವಾರವನ್ನೂ ಉಕ್ಕಿನ ಅಡಿಪಟ್ಟಿಯನ್ನೂ ತೆಗೆದೆ. ನಾನು ಐದಡಿ ಎಂಟಂಗುಲ. ಇದು ಕಾರ್ಖಾನೆಯ ಡಾಕ್ಟರು ಅಳೆದು ಬರೆದದ್ದು, ಸಂಶಯವಿಲ್ಲ. ಫೋಟೋದಲ್ಲಿ ನಾನು ಎಂಟೂವರೆ ಅಂಗುಲ. ತಲೆಯ ಮೇಲೆ ಪೇಟ ಇತ್ತು, ಅದನ್ನು ಕಳೆದ ಮೇಲಿನ ಲೆಕ್ಕ ಇದು. ಜಯಮ್ಮ ಎಂಟಂಗುಲ. ಅವಳ ಜಡೆಯ ಮೇಲಿನ ಹೂವು ಎದ್ದಿತ್ತು, ಅದನ್ನೂ ಕಳೆದೇ ಇಷ್ಟು. ಅಷ್ಟು ಸೂಕ್ಷ್ಮ. ಉಳಿದದ್ದು ತ್ರೈರಾಶಿ. ಫೋಟೋದ ಒಂದು ಅಂಗುಲಕ್ಕೆ ನೆಲದ ಮೇಲೆ ಎಂಟು ಅಂಗುಲ, ಅಂದರೆ ಜಯಮ್ಮ ಅರುವತ್ತನಾಲ್ಕು ಅಂಗುಲ. ಐದಡಿ ನಾಲ್ಕಂಗುಲ.

ಅವಳು ನನ್ನ ಭುಜದ ಹತ್ತಿರಕ್ಕಷ್ಟೇ ಬರುತ್ತಾಳಲ್ಲವೇ ಅಂತ ಮನಸ್ಸು ಒಂದು ಮಾತು ಹೇಳಿತು. ಫೋಟೋ ಕಿವಿಯವರೆಗೆ ಅಂದಿತು. ನಾನು ಫೋಟೋವನ್ನೇ ನಂಬಿದೆ. ಮನಸ್ಸಿಗೆ ಅಡಿಪಟ್ಟಿ ಇಟ್ಟು ನೋಡಲು ಬರುವುದಿಲ್ಲ.

ಮೂರನೇ ನಂಬರು ಬಂತು. ಗಾಡಿಯವನೂ ನಾನೂ ಸೇರಿ ಇಳಿಸಿ, ಒಂದರ ಮೇಲೊಂದು ಕೂರಿಸಿದೆವು. ಎಲ್ಲೂ ಕೂದಲೆಳೆ ಸಂದಿಲ್ಲ. ನೀರುಮಟ್ಟ ಇಟ್ಟು ನೋಡಿದೆ, ಗುಳ್ಳೆ ನಡುಮಧ್ಯದಲ್ಲಿ ನಿಂತಿತು. ಕಾರ್ಖಾನೆಯ ನಾಲ್ಕೈದು ಜನ ಗೆಳೆಯರು ಬಂದು ನೋಡಿದರು. ಒಬ್ಬ ಹಲಗೆಗೆ ಮೊಣಕೈ ಊರಿ ನಿಂತು, ಇದು ಸರಿಯಾಗಿದೆ ಕಣಯ್ಯ, ಇಂಥದ್ದರ ಮುಂದೆ ನಾನೂ ಅಡುಗೆ ಮಾಡಬಲ್ಲೆ ಅಂದ. ಬಂದವರೆಲ್ಲ ಗಂಡಸರು, ಎಲ್ಲರೂ ಹೆಚ್ಚುಕಡಿಮೆ ನನ್ನ ಎತ್ತರದವರು. ಹಲಗೆಯ ಮುಂದೆ ನಿಂತವರಿಗೆಲ್ಲ ಅದು ಹೇಳಿ ಮಾಡಿಸಿದ ಹಾಗಿತ್ತು.

ಗೃಹಪ್ರವೇಶದ ಬೆಳಿಗ್ಗೆ ಜಯಮ್ಮ ಕೆಂಗೇರಿಯವರ ಜೊತೆ ನೇರವಾಗಿ ಹೊಸ ಮನೆಗೇ ಬಂದಳು. ಪೂಜೆ ಮುಗಿಯಿತು, ಹಾಲು ಉಕ್ಕಿಸಬೇಕು. ನಾನು ಮುಂದೆ ನಡೆದು ಅಡುಗೆಮನೆಯ ಬಾಗಿಲು ತೆರೆದು ಪಕ್ಕಕ್ಕೆ ನಿಂತೆ. ಅವಳು ಒಳಗೆ ಬಂದಳು. ನೆಲವನ್ನು ನೋಡಿದಳು, ಒಲೆಯನ್ನು ಹುಡುಕುವವರ ಹಾಗೆ ಮೂಲೆಗಳನ್ನು ನೋಡಿದಳು. ಆಮೇಲೆ ತಲೆ ಎತ್ತಿದಳು.

ಊರಿನಿಂದ ಬಂದಿದ್ದ ನಮ್ಮ ಅವ್ವ ಮಾತ್ರ ಸುಮ್ಮನಿರಲಿಲ್ಲ. "ಇದೇನ್ಲಾ, ಒಲೇನ ಅಟ್ಟದ ಮ್ಯಾಲೆ ಕಟ್ಸಿದೀಯಲ್ಲಾ?"

ಬೊಂಬಾಯಿಯ ವಿಷಯವನ್ನು ನಾನು ಎಲ್ಲರಿಗೂ ತಿಳಿಸಿದೆ. ಉರಿ ಹಚ್ಚಿದರು. ಒಲೆಯ ವಿಷಯದಲ್ಲಿ ಸುಳ್ಳು ಹೇಳಬಾರದು, ಹೊಗೆ ಒಂದಿಷ್ಟೂ ಒಳಗೆ ಬರಲಿಲ್ಲ, ಕೊಳವೆ ಅಷ್ಟನ್ನೂ ಎಳೆದುಕೊಂಡು ಹೋಯಿತು. ಹಾಲಿನ ಪಾತ್ರೆ ಇಟ್ಟರು. ಪಾತ್ರೆಯ ಕಂಠ ಜಯಮ್ಮನ ಮೂಗಿನ ಮಟ್ಟಕ್ಕೆ ಬಂತು. ಅವಳು ತುದಿಗಾಲಿನಲ್ಲಿ ನಿಂತಳು, ಕತ್ತು ಎತ್ತಿದಳು, ಕಾಣಲಿಲ್ಲ. ಮನೆ ತುಂಬ ನೆಂಟರು. ಹಾಲು ಉಕ್ಕುವಾಗ ಮನೆಯ ಹೆಂಗಸು ನೋಡಬೇಕು, ಯಾವ ದಿಕ್ಕಿಗೆ ಉಕ್ಕಿತು ಅಂತ ಹೇಳಬೇಕು. ಇನ್ನೇನು ಉಕ್ಕುತ್ತೆ, ಉಕ್ಕುತ್ತೆ ಅಂತ ಬಾಗಿಲಲ್ಲಿ ನಿಂತವರು ಅನ್ನುತ್ತಿದ್ದರು. ಅವಳಿಗೆ ಮಾತ್ರ ಕಾಣುತ್ತಿರಲಿಲ್ಲ. ನಾನು ಇಣುಕಿದೆ. ನನಗೆ ಚೆನ್ನಾಗಿ ಕಂಡಿತು. ನಾನು ನೋಡಿ ಹೇಳಲೇ ಅಂದೆ. ಅವಳು ನನ್ನ ಕಡೆ ಒಂದು ಸಲ ತಿರುಗಿ ನೋಡಿದಳು, ನಾನು ಹಿಂದಕ್ಕೆ ಸರಿದೆ.

ಅದೇ ಹೊತ್ತಿಗೆ ಫೋಟೋದವರು ಬಂದರು. ನಮ್ಮ ಮದುವೆಯಲ್ಲಿ ಫೋಟೋ ತೆಗೆದವರನ್ನೇ ಹೊಸ ಮನೆಗೂ ಹೇಳಿದ್ದೆ. ಹೆಗಲ ಮೇಲೆ ಕ್ಯಾಮೆರಾದ ಮೂರು ಕಾಲು, ಕೈಯಲ್ಲಿ ಒಂದು ಕಾಲ್ಮಣೆ. ಹೊಸ ಮನೆಯಲ್ಲಿ ಸಿಗುತ್ತದೋ ಇಲ್ಲವೋ ಅಂತ ಅದನ್ನು ತಾವೇ ತಂದರಂತೆ. ಇದು ಯಾಕೆ ಅಂತ ಕೇಳಿದೆ.

"ಅಮ್ಮನವರಿಗೆ ಸ್ವಾಮಿ. ಮದುವೇಲೂ ಇದೇ ಕಾಲ್ಮಣೆ ಮೇಲೆ ನಿಲ್ಲಿಸಿದ್ದು. ಆರಂಗುಲ ಇದೆ. ಸೀರೆ ನೆರಿಗೆ ಇಳಿಬಿಟ್ರೆ ಗೊತ್ತೇ ಆಗಲ್ಲ."

ನನಗೆ ಗೊತ್ತೇ ಆಗಿರಲಿಲ್ಲ. ಮದುವೆಯ ದಿನ, ರೆಪ್ಪೆ ಬಡಿಯಬೇಡಿ, ಕತ್ತು ತಿರುಗಿಸಬೇಡಿ ಅಂತ ಅವರು ಹೇಳಿದ್ದನ್ನು ನಾನು ಅಕ್ಷರಶಃ ಪಾಲಿಸಿದ್ದೆ. ಪಕ್ಕದಲ್ಲಿ ಏನು ತಂದಿಟ್ಟರು, ಯಾರು ಹತ್ತಿದರು, ನೋಡಿರಲಿಲ್ಲ. ಪೇಟ ಕಳೆದಿದ್ದೆ, ಹೂವು ಕಳೆದಿದ್ದೆ. ಕಳೆಯಬೇಕಾದದ್ದು ಕಾಲಿನ ಕೆಳಗಿತ್ತು. ಅರುವತ್ತನಾಲ್ಕರಲ್ಲಿ ಆರು ಹೋದರೆ ಐವತ್ತೆಂಟು. ನಾಲ್ಕಡಿ ಹತ್ತಂಗುಲ. ಒಂದನೇ ನಂಬರು.

ನಾನು ಈ ಲೆಕ್ಕದಲ್ಲಿರುವಾಗಲೇ ಜಯಮ್ಮ ಬಂದು, ಫೋಟೋದವರ ಕೈಯಿಂದ ಕಾಲ್ಮಣೆಯನ್ನು ತೆಗೆದುಕೊಂಡು ಒಳಗೆ ಹೋಗಿ, ಒಲೆಯ ಮುಂದೆ ಇಟ್ಟು ಹತ್ತಿ ನಿಂತಳು. ಹಾಲು ಉಕ್ಕಿತು. ಮೂಡಲಿಗೆ ಉಕ್ಕಿತು ಅಂತ ಅವಳೇ ಹೇಳಿದಳು. ಎಲ್ಲರಿಗೂ ಸಮಾಧಾನವಾಯಿತು. ನಾನು ಮೆಲ್ಲಗೆ, ಮದುವೆಯಲ್ಲಿ ಕಾಲ್ಮಣೆ ಇದ್ದದ್ದು ನಿನಗೆ ಗೊತ್ತಿತ್ತಾ ಅಂತ ಕೇಳಿದೆ.

"ನಿಂತಿದ್ದೋಳು ನಾನಲ್ವೇ?"

"ಇಷ್ಟು ವರ್ಷ ಹೇಳಬಾರದಿತ್ತಾ?"

"ನೀವು ಕೇಳಲಿಲ್ಲ."

ಆಮೇಲೆ ಫೋಟೋಕ್ಕೆ ನಿಲ್ಲುವ ಹೊತ್ತು ಬಂತು. ಫೋಟೋದವರು ಕಾಲ್ಮಣೆ ತನ್ನಿ ಅಂದರು. ಅದು ಈಗ ಅಡುಗೆಮನೆಯದು, ನಾನು ನೆಲದ ಮೇಲೇ ನಿಲ್ತೀನಿ ಅಂದಳು ಜಯಮ್ಮ. ಜೋಡಿ ಕೂಡುವುದಿಲ್ಲವಲ್ಲ ಅಂತ ಅವರು ಕಪ್ಪು ಬಟ್ಟೆಯೊಳಗೆ ಎರಡು ಸಲ ತಲೆ ಹಾಕಿ ನೋಡಿ, ಕೊನೆಗೆ ಒಂದು ಕುರ್ಚಿ ತರಿಸಿ ನನ್ನನ್ನು ಅದರಲ್ಲಿ ಕೂರಿಸಿದರು. ಅವಳು ಪಕ್ಕದಲ್ಲಿ ನಿಂತಳು. ಈ ಸಲವೂ ನಾನು ಕತ್ತು ತಿರುಗಿಸಲಿಲ್ಲ.

ಒಂದು ವಾರ ಕಾಲ್ಮಣೆಯ ಮೇಲೆ ಅಡುಗೆ ನಡೆಯಿತು. ಫೋಟೋದವರು ಬಹಳ ಒಳ್ಳೆಯ ಮನುಷ್ಯ, ನಿಧಾನವಾಗಿ ವಾಪಸು ಕೊಡಿ ಅಂದಿದ್ದರು. ಅನ್ನ ಆಯಿತು, ಸಾರು ಆಯಿತು. ಅವಳು ಹತ್ತುವುದು, ಇಳಿದು ಸೌದೆ ಹಾಕುವುದು, ಮತ್ತೆ ಹತ್ತುವುದು. ಕೂತು ಏಳುವ ಕಷ್ಟ ಇಲ್ಲ ಅಂದದ್ದು ನಿಜ. ಅದರ ಬದಲಿಗೆ ಹತ್ತಿ ಇಳಿಯುವುದು ಬಂದಿತ್ತು. ವಠಾರದಲ್ಲಿ ಒಂಬತ್ತು ವರ್ಷ ಏನೂ ಅನ್ನದಿದ್ದವಳು ಇಲ್ಲೂ ಅನ್ನುವುದಿಲ್ಲ ಅನ್ನುವುದು ನನಗೆ ಗೊತ್ತಿತ್ತು. ಅದು ಸಮಾಧಾನ ಕೊಡುವ ತಿಳಿವಳಿಕೆಯಲ್ಲ.

ಎಂಟನೇ ದಿನ ಅವ್ವ ಮುದ್ದೆ ಮಾಡಿಸಿದಳು. ನಮ್ಮ ಕಡೆಯವರಿಗೆ ಎಂಟು ದಿನ ಮುದ್ದೆ ಇಲ್ಲದಿದ್ದದ್ದೇ ಹೆಚ್ಚು. ಮುದ್ದೆ ಗೊತ್ತಿರುವವರಿಗೆ ಹೇಳಬೇಕಾಗಿಲ್ಲ. ಕುದಿಯುವ ಹಿಟ್ಟಿಗೆ ಕೋಲು ಹಾಕಿ ತಿರುವಬೇಕಾದರೆ ಭುಜ ಪಾತ್ರೆಯ ಮೇಲೆ ಇರಬೇಕು, ಮೈಯ ಭಾರ ಅಷ್ಟೂ ಕೋಲಿನ ಮೇಲೆ ಬೀಳಬೇಕು. ಮೂಗಿನ ಮಟ್ಟದ ಪಾತ್ರೆಗೆ, ಆರಂಗುಲದ ಕಾಲ್ಮಣೆಯ ಮೇಲೆ ನಿಂತು ಮೈಭಾರ ಬಿಡುವುದು ಹೇಗೆ? ಜಯಮ್ಮ ಎರಡು ಸಲ ಕೋಲು ಹಾಕಿದಳು, ಕಾಲ್ಮಣೆ ವಾಲಿತು. ಇಳಿದು, ಪಾತ್ರೆಯನ್ನು ನೆಲಕ್ಕೆ ಇಳಿಸಿಕೊಂಡು, ಪಾದಗಳ ನಡುವೆ ಹಿಡಿದು ತಿರುವಿದಳು. ಅಷ್ಟರಲ್ಲಿ ಕಾವು ಹೋಗಿತ್ತು. ನನ್ನ ತಟ್ಟೆಗೆ ಬಂದ ಮುದ್ದೆಯ ತುಂಬ ಗಂಟು, ಒಡೆದರೆ ಒಳಗೆ ಒಣಹಿಟ್ಟು. ಬೊಂಬಾಯಿಯಲ್ಲಿ ಮುದ್ದೆ ಮಾಡುತ್ತಾರಾ ಅಂತ ನಾನು ಆ ಮಾಲೀಕರನ್ನು ಕೇಳಿರಲಿಲ್ಲ. ಅವರೂ ಹೇಳಿರಲಿಲ್ಲ.

ಗಂಟುಗಳನ್ನು ನುಂಗುತ್ತಾ ನಾನು ಅಂಗಡಿಯ ಪರವಾಗಿ ಕೊನೆಯ ಸಲ ವಾದ ಮಾಡಿದೆ. ತಪ್ಪು ನನ್ನ ಲೆಕ್ಕದ್ದು, ಒಂದನೇ ನಂಬರು ತಂದಿದ್ದರೆ ಸರಿಹೋಗುತ್ತಿತ್ತು, ಎಲ್ಲರಿಗೂ ಆಗುವ ಅಳತೆ ಅಂತ ಒಂದು ಇರಲೇಬೇಕು, ಒಬ್ಬೊಬ್ಬರನ್ನೂ ಕೂರಿಸಿ ಅಳೆಯುತ್ತಾ ಹೋದರೆ ದೇಶ ಮುಂದಕ್ಕೆ ಹೋಗುವುದು ಯಾವಾಗ ಅಂದೆ. ಜಯಮ್ಮ ಸಾರು ಬಡಿಸುತ್ತಿದ್ದಳು.

"ಹಂಗಾದ್ರೆ ನಾಳೆಯಿಂದ ನೀವೂ ಚಿಕ್ಕಪೇಟೆ ಅಂಗಿ ಹಾಕ್ಕೊಳ್ಳಿ" ಅಂದಳು.

ಅವ್ವ ತಟ್ಟೆ ನೋಡಿಕೊಂಡು ನಕ್ಕಳು. ನನ್ನ ಬಲಭುಜ ತಾನಾಗಿಯೇ ಇನ್ನಷ್ಟು ಇಳಿಯಿತು. ಊಟ ಮುಗಿಸಿ ಕೈ ತೊಳೆದು, ಸೈಕಲ್ಲು ತೆಗೆದುಕೊಂಡು ಸುಂಕದಕಟ್ಟೆ ದಾಟಿ ಹೆಗ್ಗನಹಳ್ಳಿಗೆ ಹೋದೆ. ಮುದ್ದಮ್ಮ ಜಗಲಿಯ ಮೇಲೆ ಎಲೆಯಡಿಕೆ ಹಾಕುತ್ತಾ ಕೂತಿದ್ದಳು. ಏನು ಅಂತ ಕೇಳಲಿಲ್ಲ, ನಾನೇ ಹೇಳಬೇಕಾಯಿತು. ಕೂರುವವಳು ಬಂದಿದ್ದಾಳೆ, ಬನ್ನಿ ಅಂದೆ.

ಹಿತ್ತಲಿಗೆ ಸೇರಿದ ಹಾಗೆ ತಗಡಿನ ಮಾಡು ಇಳಿಸಿ ಜಾಗ ಮಾಡಿದೆವು. ಮುದ್ದಮ್ಮ ಜಯಮ್ಮನನ್ನು ಮಣೆಯ ಮೇಲೆ ಕೂರಿಸಿದಳು. ಕೈ ಚಾಚು ಅಂದಳು, ಬಗ್ಗು ಅಂದಳು, ಇಲ್ಲದ ಪಾತ್ರೆಯನ್ನು ಇಳಿಸು ಅಂದಳು. ಜಯಮ್ಮ ಇಲ್ಲದ ಸೌದೆಯನ್ನು ಎಡಗೈಯಲ್ಲಿ ತಳ್ಳಿದಳು. ಮುದ್ದಮ್ಮ ಅವಳ ಎಡಗೈ ನೋಡಿದಳು, ಬಲಗೈಯ ಬಳೆಯನ್ನು ಮೇಲಕ್ಕೆ ಸರಿಸಿ ಕಲೆ ನೋಡಿದಳು, ಆ ಕಲೆಯನ್ನು ಬೆರಳಿನಿಂದ ಒಂದು ಸಲ ಸವರಿ, "ಬಾಯಿ ಯಾವ ಕಡೀಕ್ ಇಡನವ್ವ?" ಅಂತ ಕೇಳಿದಳು. ಒಂಬತ್ತು ವರ್ಷದಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಜಯಮ್ಮ ಸ್ವಲ್ಪ ಹೊತ್ತು ಎರಡು ಕೈಯನ್ನೂ ಮುಂದೆ ಹಿಡಿದು ನೋಡಿಕೊಂಡಳು. "ಬಲಕ್ಕೇ ಇಡಿ. ಮರೆತೋಗಿದ್ರೆ ಮತ್ತೆ ಕಲ್ತ್ಕೊತೀನಿ" ಅಂದಳು.

ಒಲೆ ಒಣಗಿದ ಮೇಲೆ, ಯಾರೂ ಇಲ್ಲದ ಹೊತ್ತು ನೋಡಿ ನಾನು ಟೇಪು ಹಿಡಿದು ಅದನ್ನು ಅಳೆದೆ. ಬಾಯಿ ಏಳೂಮುಕ್ಕಾಲಿಗೆ ಒಂದು ಕೂದಲು ಹೆಚ್ಚು. ಹಿಂದಿನ ಕೋಡಿಗೆ ಹದಿನೈದೂಕಾಲಿಗೆ ಕೊಂಚ ಕಡಿಮೆ. ಒಂದು ಅಳತೆಯೂ ಪೂರ್ತಿ ಅಂಕಿಗೆ ಬರಲಿಲ್ಲ, ಯಾವ ನಂಬರಿಗೂ ಸೇರುವ ಹಾಗಿರಲಿಲ್ಲ. ಇನ್‌ಸ್ಪೆಕ್ಟರು ನೋಡಿದರೆ ಅಷ್ಟನ್ನೂ ವಾಪಸು ಕಳಿಸುತ್ತಿದ್ದ. ಅವತ್ತು ಮಧ್ಯಾಹ್ನ ತಟ್ಟೆಗೆ ಬಂದ ಮುದ್ದೆಯಲ್ಲಿ ಒಂದು ಗಂಟೂ ಇರಲಿಲ್ಲ. ಜಯಮ್ಮ ಕೂತಲ್ಲಿಂದಲೇ ಹಿಂದಿನ ಪಾತ್ರೆಯನ್ನು ಇಳಿಸಿದಳು, ಬಳೆ ಉರಿಯ ಹತ್ತಿರಕ್ಕೂ ಹೋಗಲಿಲ್ಲ.

ಮೂರನೇ ನಂಬರಿನ ಅಡುಗೆಮನೆ ಒಳಗೆ ಇನ್ನೂ ನಿಂತಿದೆ. ಅದನ್ನು ಸುಮ್ಮನೆ ಬಿಡುವುದಕ್ಕೆ ನನಗೆ ಮನಸ್ಸು ಬರಲಿಲ್ಲ, ಅಂಚು ಅಷ್ಟು ಚೆನ್ನಾಗಿದೆ. ಮೊದಲನೇ ಪಾಳಿಯ ದಿನ ಬೆಳಿಗ್ಗೆ ಎದ್ದು ಅದರ ಮುಂದೆ ನಿಂತು ಎಲ್ಲರಿಗೂ ಕಾಫಿ ಮಾಡುವವನು ಈಗ ನಾನು. ಬಗ್ಗುವ ಹಾಗಿಲ್ಲ, ಹತ್ತುವ ಹಾಗಿಲ್ಲ, ಹೊಗೆ ಕಣ್ಣಿಗಿಲ್ಲ. ಮಾಲೀಕರು ಹೇಳಿದ್ದರಲ್ಲಿ ಒಂದೂ ಸುಳ್ಳಿರಲಿಲ್ಲ. ಎದುರಿಗೆ ನಿಂತು ಕೇಳಿಸಿಕೊಂಡವನ ಅಳತೆಗೇ ಅವರು ಅಷ್ಟನ್ನೂ ಹೇಳಿದ್ದರು. ಕಾಫಿ ಕುಡಿದು ಜಯಮ್ಮ, ಪರವಾಗಿಲ್ಲ, ಕೈ ಕೂರ್ತಾ ಇದೆ ಅನ್ನುತ್ತಾಳೆ.

ಕಾಲ್ಮಣೆಯನ್ನು ವಾಪಸು ಕೊಡಲು ಹೋದಾಗ ಫೋಟೋದವರು ಗೃಹಪ್ರವೇಶದ ಫೋಟೋ ಕೊಟ್ಟರು. ಅದನ್ನು ಮದುವೆಯ ಫೋಟೋದ ಪಕ್ಕ ತೂಗುಹಾಕುವ ಮುಂಚೆ, ಅಭ್ಯಾಸ ಬಲದಿಂದ, ಕೈವಾರ ಇಟ್ಟು ನೋಡಿದೆ. ನೆಲದ ಮೇಲೆ ನಿಂತ ಜಯಮ್ಮನಿಗಿಂತ ಕುರ್ಚಿಯಲ್ಲಿ ಕೂತ ನಾನು ಮುಕ್ಕಾಲು ಅಂಗುಲ ಕಡಿಮೆ. ತ್ರೈರಾಶಿ ಹಾಕಿದರೆ ಆರಂಗುಲ. ಮುಂದೆ ಎಂದಾದರೂ ನಮ್ಮ ಹೆಣ್ಣುಮಕ್ಕಳಲ್ಲಿ ಒಬ್ಬಳು ನನ್ನ ಬುದ್ಧಿಯನ್ನೇ ಕಲಿತು, ಈ ಫೋಟೋವನ್ನು ಅಳೆದು ಅಪ್ಪನಿಗೆ ಕಾಫಿ ಕಟ್ಟೆ ಹಾಕಿಸಿಕೊಟ್ಟರೆ, ನಾನು ಅದರ ಮುಂದೆ ಮಂಡಿಯೂರಿ ನಿಂತು ಹಾಲು ಕಾಯಿಸಬೇಕಾಗುತ್ತದೆ. ಆಗ ಅವಳು, ಅಪ್ಪ, ನೀವು ಹೇಳಲೇ ಇಲ್ಲವಲ್ಲ ಅಂತ ಕೇಳಿದರೆ ಕೊಡಬೇಕಾದ ಉತ್ತರ ಏನು ಅಂತ ಮಾತ್ರ ನನಗೆ ಈಗಾಗಲೇ ಗೊತ್ತಿದೆ.